ಮೆಣಸಿನಕಾಯಿ ಕೆಂಪಾಗಲು ಎಷ್ಟು ದಿನ ಕಾಯಬೇಕು?

ಪ್ರಶ್ನೆ: ನಾವು ಇರುವುದು ಚಿಕ್ಕಮಗಳೂರು ಪೇಟೆಯಲ್ಲಿ. ಟೆರೇಸ್ ಮೇಲೆ ಗ್ರೋ ಬ್ಯಾಗಿನಲ್ಲಿ ಮೆಣಸಿನ ಗಿಡ ಹಾಕಿದ್ದೇನೆ. ಮೂರು ಬ್ಯಾಡಗಿ, ಎರಡು ಮಾಮೂಲಿ ಖಾರದ ಜಾತಿ, ಒಂದು ಸೂಜಿಮೆಣಸು. ಆಗಸ್ಟ್ ಮೊದಲ ವಾರ ಸಸಿ ನೆಟ್ಟಿದ್ದು, ಸೆಪ್ಟೆಂಬರ್ ಕೊನೆಗೆ ಹೂ ಬಂತು. ದೀಪಾವಳಿ ಹೊತ್ತಿಗೆ ಬ್ಯಾಡಗಿ ಕಾಯಿ ಪೂರ್ತಿ ಉದ್ದ ಬಂದಿತ್ತು. ಈಗ ಡಿಸೆಂಬರ್ ಶುರುವಾಗಿದೆ, ಕಾಯಿ ಇನ್ನೂ ಹಸಿರೇ. ಕಿತ್ತು ಅಕ್ಕಿ ಡಬ್ಬದಲ್ಲಿ ಮುಚ್ಚಿಡು, ಹಣ್ಣಾಗುತ್ತೆ ಅಂತಾರೆ ಅತ್ತೆ. ನೀರು ನಿಲ್ಲಿಸು ಅಂತಾರೆ ಯಜಮಾನರು. ಎಲೆ ಕಿತ್ತುಹಾಕಿ ಬಿಸಿಲು ಬೀಳೋ ಹಾಗೆ ಮಾಡಿ ಅಂತಾರೆ ಪಕ್ಕದ ಮನೆಯವರು. ಯಾರ ಮಾತು ಕೇಳಲಿ? ಈ ಗಿಡದ ಬೀಜ ಮುಂದಕ್ಕೆ ಇಟ್ಟುಕೊಳ್ಳಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಗಿಡಕ್ಕೆ ಏನೂ ಆಗಿಲ್ಲ. ಬ್ಯಾಡಗಿ ಕಾಯಿ ಇನ್ನು ಎರಡು ವಾರದ ಒಳಗೆ ಬಣ್ಣ ತಿರುಗಲು ಶುರುವಾಗಬೇಕು. ಖಾರದ ಜಾತಿಯದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಸೂಜಿಮೆಣಸಿಗೆ ಮಾತ್ರ ಇನ್ನೂ ಒಂದು ತಿಂಗಳೋ ಅದಕ್ಕಿಂತ ಜಾಸ್ತಿಯೋ ಬೇಕು. ಅಲ್ಲಿಯವರೆಗೆ ಕಾಯಿ ಕೀಳಬೇಡಿ, ನೀರು ಪೂರ್ತಿ ನಿಲ್ಲಿಸಬೇಡಿ, ಎಲೆಯನ್ನಂತೂ ಮುಟ್ಟಲೇಬೇಡಿ. ಯಾಕೆ ಅಂತ ಗೊತ್ತಾದರೆ ಕಾಯುವುದು ಅಷ್ಟು ಕಷ್ಟ ಅನ್ನಿಸುವುದಿಲ್ಲ. ಅದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆಚ್ಚಿನವರು ಸಸಿ ನೆಟ್ಟ ದಿನದಿಂದ ಲೆಕ್ಕ ಹಾಕುತ್ತಾರೆ. ಅಲ್ಲೇ ಗಾಬರಿ ಶುರುವಾಗುತ್ತದೆ. ಲೆಕ್ಕ ಹಿಡಿಯಬೇಕಾದದ್ದು ಹೂವಿನಿಂದ. ಹೂವಿನ ದಳ ಉದುರಿ ಹೀಚು ಕಾಣಿಸಿದ ಮೇಲೆ ಮೂರರಿಂದ ಐದು ವಾರದಲ್ಲಿ ಕಾಯಿ ತನ್ನ ಪೂರ್ತಿ ಉದ್ದ ಮುಟ್ಟುತ್ತದೆ. ಆಗ ದಿನಾ ನೋಡಿದರೂ ಬೆಳೆದದ್ದು ಕಣ್ಣಿಗೆ ಕಾಣುತ್ತದೆ. ಆಮೇಲೆ ಮೂರು ನಾಲ್ಕು ವಾರ ಹೊರಗೆ ಏನೂ ಬದಲಾದಂತೆ ಕಾಣುವುದಿಲ್ಲ. ಉದ್ದ ಅಷ್ಟೇ, ಬಣ್ಣ ಅದೇ. ಒಳಗೆ ಮಾತ್ರ ಕೆಲಸ ಜೋರಾಗಿ ನಡೆದಿರುತ್ತದೆ. ಸಿಪ್ಪೆ ದಪ್ಪವಾಗುತ್ತದೆ. ಬೀಜ ತುಂಬಿ ಗಟ್ಟಿಯಾಗುತ್ತದೆ. ಖಾರ ಕೂಡುತ್ತದೆ. ಕಾಯಿ ಹೀಗೆ ಪೂರ್ತಿ ಬಲಿತ ಮೇಲೆಯೇ ಬಣ್ಣ ತಿರುಗುವುದು. ಬೆಚ್ಚಗಿನ ದಿನಗಳಲ್ಲಿ ಹೂವಿನಿಂದ ಕೆಂಪು ಹಣ್ಣಿನವರೆಗೆ 50ರಿಂದ 60 ದಿನ ಸಾಮಾನ್ಯ. ಚಳಿಗಾಲದಲ್ಲಿ 70, 80 ದಿನ ಆದರೂ ಆಶ್ಚರ್ಯವಿಲ್ಲ. ನಿಮ್ಮ ಮೊದಲ ಹೂ ಸೆಪ್ಟೆಂಬರ್ ಕೊನೆಯದ್ದು. ಅಂದರೆ ಈಗ ಅರವತ್ತು ಅರವತ್ತೈದು ದಿನ. ನೀವು ಸರಿಯಾದ ಜಾಗದಲ್ಲೇ ಇದ್ದೀರಿ.

ಕಾಯಿ ಬಲಿತಿದೆಯೋ ಇಲ್ಲವೋ ತಿಳಿಯಲು ಒಂದೇ ಒಂದು ಕಾಯಿ ತ್ಯಾಗ ಮಾಡಿ. ಎಲ್ಲಕ್ಕಿಂತ ಹಳೆಯದು ಅನ್ನಿಸಿದ್ದನ್ನು ಕಿತ್ತು ಉದ್ದಕ್ಕೆ ಸೀಳಿ. ಎಳೆಕಾಯಿಯ ಬೀಜ ಬೆಳ್ಳಗೆ, ಮೆತ್ತಗೆ, ಉಗುರಿನಲ್ಲಿ ಒತ್ತಿದರೆ ಪಿಚ್ಚನೆ ನಜ್ಜಾಗುತ್ತದೆ. ಬಲಿತ ಕಾಯಿಯ ಬೀಜ ಚಪ್ಪಟೆಯಾಗಿ, ತಿಳಿ ಹಳದಿಯಾಗಿ, ಉಗುರಿಗೆ ಗಟ್ಟಿಯಾಗಿ ಸಿಗುತ್ತದೆ. ಬೀಜ ಅಂಟಿಕೊಂಡಿರುವ ಆ ಬಿಳಿ ತಿರುಳಿದೆಯಲ್ಲ, ಅದನ್ನೂ ನೋಡಿ. ಖಾರ ಹುಟ್ಟುವುದು ಅಲ್ಲೇ. ಬೀಜವೇ ಖಾರ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಬೀಜಕ್ಕೆ ಸ್ವಂತ ಖಾರ ಇಲ್ಲ, ತಿರುಳಿನದ್ದು ತಾಗಿರುತ್ತದೆ ಅಷ್ಟೇ. ಬಲಿತ ಕಾಯಿಯ ತಿರುಳಿನ ಮೇಲೆ ಕೆಲವೊಮ್ಮೆ ತಿಳಿ ಹಳದಿ ಎಣ್ಣೆಯಂಥ ಸಣ್ಣ ಹನಿ ಮಿನುಗುವುದೂ ಕಾಣುತ್ತದೆ. ಅದೇ ಖಾರದ ರಸ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಕೀಳದೆ ನೋಡಬೇಕೆಂದರೆ ಕಾಯಿಯನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ. ಎಳೆಯದು ಸ್ವಲ್ಪ ಬಗ್ಗುತ್ತದೆ, ಬಲಿತದ್ದು ಬಿಗಿಯಾಗಿರುತ್ತದೆ. ಹಸಿರೂ ಎಳೆಯದರ ಹಾಗೆ ತಿಳಿಯಾಗಿರದೆ ಒಂದು ಬಗೆಯ ಗಾಢ ಹಸಿರಾಗಿರುತ್ತದೆ.

ಇನ್ನು ಬಣ್ಣ ತಿರುಗುವ ಕ್ರಿಯೆ. ಹಸಿರು ಬರುವುದು ಎಲೆಯಲ್ಲಿರುವ ಅದೇ ಪತ್ರಹರಿತ್ತಿನಿಂದ. ಕಾಯಿ ಬಲಿತ ಮೇಲೆ ಆ ಹಸಿರು ಕರಗುತ್ತದೆ, ಕ್ಯಾಪ್ಸಾಂಥಿನ್ ಎನ್ನುವ ಕೆಂಪು ಬಣ್ಣದ ವಸ್ತು ಕೂಡುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ ನಡುವೆ ಕೆಲವು ದಿನ ಹಸಿರೂ ಕೆಂಪೂ ಸೇರಿ ಕಂದು, ಚಾಕೊಲೇಟ್ ಬಣ್ಣ ಕಾಣುತ್ತದೆ. ಎಷ್ಟೋ ಜನ ಇದನ್ನು ಕೊಳೆ ಅಂದುಕೊಂಡು ಕಿತ್ತು ಬಿಸಾಡುತ್ತಾರೆ. ನೀವು ಹಾಗೆ ಮಾಡಬೇಡಿ. ನೀವು ಕಾಯುತ್ತಿರುವುದೇ ಆ ಕಂದು ಬಣ್ಣಕ್ಕೆ. ಕೊಳೆ ಆದರೆ ಮುಟ್ಟಿದಾಗ ಮೆತ್ತಗಿರುತ್ತದೆ, ಇಲ್ಲ ತಗ್ಗಾಗಿರುತ್ತದೆ. ಬಣ್ಣ ತಿರುಗುವ ಕಾಯಿ ನಯವಾಗಿ, ಗಟ್ಟಿಯಾಗಿಯೇ ಇರುತ್ತದೆ. ಇನ್ನೊಂದು ಸುಳ್ಳು ಭಯ ನೇರಳೆ ಕಪ್ಪು. ರಾತ್ರಿ ಚಳಿ, ಹಗಲು ಚುರುಕು ಬಿಸಿಲು ಇದ್ದಾಗ ಕೆಲವು ಗಿಡದ ಕಾಯಿಯ ಭುಜದ ಮೇಲೆ ನೇರಳೆ ಛಾಯೆ ಬರುತ್ತದೆ. ಅದು ರೋಗವಲ್ಲ, ಹಣ್ಣಾಗುತ್ತಾ ತಾನಾಗಿ ಹೋಗುತ್ತದೆ.

ಒಮ್ಮೆ ಬಣ್ಣ ತಿರುಗಲು ಶುರುವಾದರೆ ಆಮೇಲೆ ಬೇಗ. ಒಂದು ವಾರ, ಹತ್ತು ದಿನದಲ್ಲಿ ಪೂರ್ತಿ ಕೆಂಪು.

ಹಾಗಾದರೆ ಇಷ್ಟು ತಡ ಯಾಕೆ? ನಿಮ್ಮೂರಿನ ಹವೆಯೇ ಕಾರಣ. ಚಿಕ್ಕಮಗಳೂರು, ಹಾಸನ ಎರಡೂ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಆಸುಪಾಸಿನ ಊರುಗಳು. ಡಿಸೆಂಬರ್ ರಾತ್ರಿಯಲ್ಲಿ ಉಷ್ಣತೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಮೆಣಸಿನಕಾಯಿಗೆ ಬಣ್ಣ ಚೆನ್ನಾಗಿ ಕೂಡುವುದು 18ರಿಂದ 25 ಡಿಗ್ರಿಯಲ್ಲಿ. 13ಕ್ಕಿಂತ ಕೆಳಗೆ ಹೋದರೆ ಕೆಲಸ ನಿಂತೇ ಹೋಗುತ್ತದೆ ಅನ್ನಬಹುದು. ನಿಮ್ಮಲ್ಲಿ ಹಗಲು ಕೆಲಸ ನಡೆಯುತ್ತದೆ, ರಾತ್ರಿ ಬಹುಪಾಲು ನಿಧಾನವಾಗುತ್ತದೆ. ಬೆಳಿಗ್ಗೆ ಮಂಜು ಕವಿದು ಬಿಸಿಲು ಬರುವುದು ತಡವಾದರೆ ಇನ್ನೂ ನಿಧಾನ. ಅದೇ ಜಿಲ್ಲೆಯ ಕಡೂರು, ಇತ್ತ ಹಾಸನದ ಅರಸೀಕೆರೆ ಬಯಲುಸೀಮೆ. ಅಲ್ಲಿ ಅದೇ ದಿನ ನೆಟ್ಟ ಅದೇ ಜಾತಿ ನಿಮ್ಮದಕ್ಕಿಂತ ಮೊದಲು ಕೆಂಪಾಗುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ನಿಮ್ಮದಕ್ಕಿಂತಲೂ ತಡ. ಹಾಗಾಗಿ ಬೇರೆ ಊರಿನ ನೆಂಟರ ಗಿಡದ ಜೊತೆ ಹೋಲಿಸಿಕೊಂಡು ಬೇಸರ ಮಾಡಿಕೊಳ್ಳಬೇಡಿ.

ಇನ್ನು ಅತ್ತೆಯವರ ಅಕ್ಕಿ ಡಬ್ಬ. ಮಾವು, ಸಪೋಟ, ಬಾಳೆಗೆ ಅದು ಸರಿಯಾದ ಉಪಾಯವೇ. ಆ ಹಣ್ಣುಗಳು ಕಿತ್ತ ಮೇಲೂ ಎಥಿಲೀನ್ ಎಂಬ ಅನಿಲವನ್ನು ತಾವೇ ಬಿಡುತ್ತವೆ, ಅಕ್ಕಿಯೊಳಗೆ ಅದು ಹೊರಹೋಗದೆ ಹಣ್ಣಾಗುವುದು ಬೇಗವಾಗುತ್ತದೆ. ಮೆಣಸಿನಕಾಯಿ ಆ ಗುಂಪಿಗೆ ಸೇರಿದ್ದಲ್ಲ. ಅದು ಬಿಡುವ ಎಥಿಲೀನ್ ತೀರಾ ಕಮ್ಮಿ. ಪೂರ್ತಿ ಹಸಿರಿದ್ದಾಗ ಕಿತ್ತರೆ ಅಕ್ಕಿಯಲ್ಲಿಟ್ಟರೂ ಒಣಹುಲ್ಲಿನಲ್ಲಿಟ್ಟರೂ ಹಸಿರಾಗಿಯೇ ಬಾಡುತ್ತದೆ. ಕೆಲವು ಕೆಂಪಾದರೂ ರುಚಿ, ಬಣ್ಣ ಎರಡೂ ಸಪ್ಪೆ. ಆದರೆ ಅತ್ತೆಯವರ ಮಾತಲ್ಲಿ ಒಂದು ಅಂಶ ಉಪಯೋಗಕ್ಕೆ ಬರುತ್ತದೆ. ಕಾಯಿಯ ಮೂರನೇ ಒಂದು ಭಾಗವೋ ಅರ್ಧವೋ ಬಣ್ಣ ತಿರುಗಿದ ಮೇಲೆ ಕಿತ್ತರೆ ಅದು ಮನೆಯೊಳಗೂ ಹಣ್ಣಾಗುವುದನ್ನು ಮುಂದುವರಿಸುತ್ತದೆ. ಮಳೆ ಬರುವ ಸೂಚನೆ ಇದ್ದರೆ, ಹಕ್ಕಿ ಕಾಟ ಜಾಸ್ತಿಯಾದರೆ ಹೀಗೆ ಕಿತ್ತು ಅಡುಗೆಮನೆಯಲ್ಲಿ ತಟ್ಟೆಯ ಮೇಲೆ ಹರಡಿಡಿ. ಒಂದು ವಾರದೊಳಗೆ ಕೆಂಪಾಗುತ್ತದೆ. ಫ್ರಿಜ್‌ನಲ್ಲಿ ಇಡಬೇಡಿ. 7 ಡಿಗ್ರಿಗಿಂತ ಕಮ್ಮಿ ತಂಪಿನಲ್ಲಿ ಬಣ್ಣ ಕೂಡುವುದು ನಿಲ್ಲುತ್ತದೆ, ಸಿಪ್ಪೆಯ ಮೇಲೆ ಸಣ್ಣ ಸಣ್ಣ ತಗ್ಗು ಬೀಳುತ್ತದೆ.

ಬೇಗ ಹಣ್ಣು ಮಾಡಲು ಔಷಧಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಡುವುದನ್ನು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ನಿಷೇಧಿಸಿದೆ. ಮನೆಯಲ್ಲಿ ಉಣ್ಣಲು ಬೆಳೆದ ಆರು ಗಿಡಕ್ಕೆ ಎಥ್ರೆಲ್ ಎಂಬ ಹಣ್ಣು ಮಾಡುವ ಔಷಧಿ ಸಿಂಪಡಿಸುವುದೂ ಬೇಡ. ಅಳತೆ ಸ್ವಲ್ಪ ತಪ್ಪಿದರೆ ಎಲೆ, ಹೂ, ಕಾಯಿ ಎಲ್ಲ ಉದುರುತ್ತದೆ.

ನೀರಿನ ವಿಷಯದಲ್ಲಿ ನಿಮ್ಮ ಯಜಮಾನರ ಮಾತು ಅರ್ಧ ಸರಿ. ಬಲಿತ ಕಾಯಿಯಿರುವ ಗಿಡಕ್ಕೆ ನೀರು ಸ್ವಲ್ಪ ಬಿಗಿ ಹಿಡಿದರೆ ಒಳ್ಳೆಯದು. ಗಿಡ ಹೊಸ ಚಿಗುರಿನ ಹಿಂದೆ ಹೋಗುವುದಿಲ್ಲ, ಖಾರವೂ ಹೆಚ್ಚುವುದುಂಟು. ಆದರೆ ಗ್ರೋ ಬ್ಯಾಗಿನಲ್ಲಿ ಮಣ್ಣು ಇರುವುದೇ ಇಷ್ಟು. ಪೂರ್ತಿ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಬೇರು ಒಣಗಿ ಹೂ, ಹೀಚು ಉದುರುತ್ತದೆ. ಒಣಗಿಸಿ ಒಮ್ಮೆಲೇ ಬಕೆಟ್‌ಗಟ್ಟಲೆ ಸುರಿದರಂತೂ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಗಿಡಕ್ಕೆ ಸುಣ್ಣದ ಅಂಶ ಸರಿಯಾಗಿ ಏರದೆ ಆಗುವ ತೊಂದರೆ ಅದು. ಮೇಲಿನ ಒಂದು ಇಂಚು ಮಣ್ಣು ಒಣಗಿದೆಯಾ ಅಂತ ಬೆರಳು ಹಾಕಿ ನೋಡಿ, ಒಣಗಿದ್ದರೆ ಕೊಡಿ. ಚಳಿಗಾಲದಲ್ಲಿ ಬೆಳಿಗ್ಗೆಯೇ ಕೊಡಿ. ಸಂಜೆ ಕೊಟ್ಟರೆ ಬೇರಿನ ಮಣ್ಣು ರಾತ್ರಿಯಿಡೀ ಒದ್ದೆಯಾಗಿ, ತಣ್ಣಗೆ ಇರುತ್ತದೆ. ಹಣ್ಣಾಗುವುದು ಇನ್ನೂ ತಡವಾಗುತ್ತದೆ.

ಎಲೆ ಕೀಳುವ ಸಲಹೆಗೆ ಮಾತ್ರ ನನ್ನ ಪೂರ್ತಿ ವಿರೋಧ. ಕಾಯಿ ಕೆಂಪಾಗಲು ಅದರ ಮೇಲೆ ನೇರ ಬಿಸಿಲು ಬೀಳಬೇಕಾಗಿಲ್ಲ. ಬಿಸಿಲು ಬೇಕಾದದ್ದು ಎಲೆಗೆ. ಎಲೆ ತಯಾರಿಸಿದ ಸಕ್ಕರೆಯಿಂದಲೇ ಕಾಯಿ ಬಲಿಯುವುದು. ಎಲೆ ಕಿತ್ತರೆ ಕಾಯಿಗೆ ಹೋಗುವ ಊಟವನ್ನೇ ಕಿತ್ತ ಹಾಗೆ. ಜೊತೆಗೆ ನೆರಳಲ್ಲಿ ಬೆಳೆದ ಕಾಯಿಗೆ ದಿಢೀರನೆ ಮಧ್ಯಾಹ್ನದ ಬಿಸಿಲು ತಾಗಿದರೆ ಆ ಕಡೆ ಬೆಳ್ಳಗೆ, ಕಾಗದದಂತೆ ಸುಟ್ಟು ಹೋಗುತ್ತದೆ. ಆಮೇಲೆ ಅಲ್ಲಿಂದ ಬೂಷ್ಟು ಹಿಡಿಯುತ್ತದೆ. ನೆಲಕ್ಕೆ ತಾಗುವ ಹಳದಿ ಎಲೆ, ರೋಗ ಬಂದ ಎಲೆ ಇದ್ದರೆ ಅಷ್ಟನ್ನೇ ತೆಗೆಯಿರಿ.

ಬಿಸಿಲು ಬೇಕೆಂದರೆ ಬ್ಯಾಗನ್ನೇ ಸರಿಸಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಳೆಗಾಲದಲ್ಲಿ ಬಿಸಿಲಿದ್ದ ಜಾಗಕ್ಕೆ ಈಗ ಪ್ಯಾರಪೆಟ್ ಗೋಡೆಯ ನೆರಳು ಬೀಳುತ್ತಿರಬಹುದು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ, ಮೂರು ಗಂಟೆಗೆ ಒಂದೊಂದು ಸಲ ಹೋಗಿ ನೋಡಿ. ಆರು ಗಂಟೆ ಬಿಸಿಲು ಸಿಗದಿದ್ದರೆ ಜಾಗ ಬದಲಿಸಿ. ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಪಕ್ಕ ಸಿಕ್ಕರೆ ಬಹಳ ಒಳ್ಳೆಯದು. ಹಗಲು ಕಾದ ಗೋಡೆ ಸಂಜೆ ಮೇಲೆ ಗಂಟೆಗಟ್ಟಲೆ ಬಿಸಿ ಬಿಡುತ್ತಿರುತ್ತದೆ. ಪೂರ್ವದ ಕುಳಿರ್ಗಾಳಿಯೂ ತಪ್ಪುತ್ತದೆ. ಚಳಿಗಾಲದಲ್ಲಿ ಕಾಯಿ ಬೇಗ ಕೆಂಪಾಗಲು ನೀವು ಮಾಡಬಹುದಾದ ಕೆಲಸಗಳಲ್ಲಿ ಹೆಚ್ಚು ಫಲ ಕೊಡುವುದು ಇದೊಂದೇ.

ಗಿಡವನ್ನು ಬೇರುಸಮೇತ ಕಿತ್ತು ತಲೆಕೆಳಗಾಗಿ ನೇತುಹಾಕಿ ಅಂತ ಹೇಳುವ ವಿಡಿಯೋಗಳನ್ನೂ ನೀವು ನೋಡಿರಬಹುದು. ಅದು ಹಿಮ ಬಿದ್ದು ಗಿಡ ಸತ್ತೇ ಹೋಗುವ ದೇಶಗಳ ಉಪಾಯ. ನಮ್ಮಲ್ಲಿ ಗಿಡ ಚಳಿಗಾಲ ದಾಟುತ್ತದೆ. ಅವಸರಕ್ಕೆ ಕಾರಣವೇ ಇಲ್ಲ.

ಗೊಬ್ಬರ. ವಾರಕ್ಕೊಮ್ಮೆ ಸಗಣಿ ನೀರು, ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಸಾರಜನಕ ಜಾಸ್ತಿಯಾದರೆ ಗಿಡ ಕಡು ಹಸಿರಾಗಿ ಸೊಗಸಾಗಿ ಕಾಣುತ್ತದೆ, ಕಾಯಿ ಹಣ್ಣಾಗುವುದು ಮುಂದಕ್ಕೆ ಹೋಗುತ್ತದೆ. ಈಗ ಬೇಕಾದದ್ದು ಪೊಟ್ಯಾಷ್. ಮನೆಯಲ್ಲಿ ಹಂಡೆ ಒಲೆ ಇದ್ದರೆ ಸೌದೆ ಬೂದಿ ಜರಡಿ ಹಿಡಿದು ಬ್ಯಾಗಿಗೆ ಒಂದು ಹಿಡಿ, ತಿಂಗಳಿಗೊಮ್ಮೆ, ಬುಡದಿಂದ ಸ್ವಲ್ಪ ದೂರ ಹಾಕಿ ಮಣ್ಣು ಕೆದಕಿ. ನಿಮ್ಮ ಕಡೆಯ ಮಣ್ಣು ಹುಳಿ ಸ್ವಭಾವದ್ದು, ಬೂದಿ ಅದನ್ನೂ ಸರಿದೂಗಿಸುತ್ತದೆ. ಯೂರಿಯಾ, ಡಿಎಪಿ ಜೊತೆ ಬೂದಿ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ. ಬೂದಿ ಸಿಗದಿದ್ದರೆ ಸಲ್ಫೇಟ್ ಆಫ್ ಪೊಟ್ಯಾಷ್ ಲೀಟರಿಗೆ 2ರಿಂದ 3 ಗ್ರಾಂ ಕರಗಿಸಿ ಎರಡು ವಾರಕ್ಕೊಮ್ಮೆ ಸಂಜೆ ಎಲೆಗೆ ಸಿಂಪಡಿಸಿ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನು ಬಹಳ ಜನ ಕೇಳುತ್ತಾರೆ. ಅದರಲ್ಲಿ ಬರುವುದು ಅತ್ಯಲ್ಪ. ಸಿಪ್ಪೆಯನ್ನು ಕಾಂಪೋಸ್ಟ್ ಗುಂಡಿಗೇ ಹಾಕಿ.

ಕಾಯುವುದಕ್ಕೂ ಒಂದು ಬೆಲೆ ಇದೆ, ಅದನ್ನು ಹೇಳದೆ ಇದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. ಕಾಯಿ ಗಿಡದಲ್ಲೇ ಹಣ್ಣಾಗಲು ಬಿಟ್ಟಷ್ಟೂ ಗಿಡ ಹೊಸ ಹೂ ಕಮ್ಮಿ ಮಾಡುತ್ತದೆ. ಬೀಜ ಬಲಿಸುವ ಕಡೆಗೇ ಅದರ ಶಕ್ತಿ ಹೋಗುತ್ತದೆ. ಹಸಿಮೆಣಸಿನಕಾಯಿ ಆಗಾಗ ಕೀಳುತ್ತಿದ್ದರೆ ಹೂ ಬರುತ್ತಲೇ ಇರುತ್ತದೆ. ಆದ್ದರಿಂದ ಆರೂ ಗಿಡದಿಂದ ಎರಡನ್ನೂ ನಿರೀಕ್ಷಿಸಬೇಡಿ. ಖಾರದ ಜಾತಿಯ ಎರಡು ಗಿಡವನ್ನು ದಿನದ ಒಗ್ಗರಣೆಗೆ, ಚಟ್ನಿಗೆ ಬಿಟ್ಟುಕೊಳ್ಳಿ. ಬಲಿತ ಹಸಿರು ಕಾಯಿ ಅದರಿಂದ ಕೀಳುತ್ತಾ ಇರಿ. ಮಜ್ಜಿಗೆ ಮೆಣಸಿನಕಾಯಿ ಮಾಡುವುದಾದರೂ ಇವೇ ಬೇಕು. ಬ್ಯಾಡಗಿ ಗಿಡವನ್ನು ಪೂರ್ತಿ ಕೆಂಪಿಗೆ ಬಿಡಿ. ಬ್ಯಾಡಗಿಯ ಹೆಚ್ಚುಗಾರಿಕೆಯೇ ಬಣ್ಣ, ಖಾರ ಕಮ್ಮಿ. ಅದನ್ನು ಹಸಿರಲ್ಲಿ ಕಿತ್ತರೆ ಏನೂ ಸಿಕ್ಕಂತಾಗುವುದಿಲ್ಲ.

ಕೆಂಪಾದರೆ ಖಾರ ಜಾಸ್ತಿಯಾಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಖಾರ ಹೆಚ್ಚಾಗಿ ಕೂಡಿ ಮುಗಿಯುವುದು ಕಾಯಿ ಬಲಿಯುವ ಹೊತ್ತಿಗೆ, ಹೂವಾದ 40, 50 ದಿನಕ್ಕೆ. ಆಮೇಲೆ ಸ್ವಲ್ಪ ಇಳಿಯಲೂಬಹುದು. ಕೆಂಪಿನಲ್ಲಿ ಕೂಡುವುದು ಸಿಹಿ, ಪರಿಮಳ, ಬಣ್ಣ, ಜೊತೆಗೆ ಎ ಮತ್ತು ಸಿ ಜೀವಸತ್ವ. ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಪರೀಕ್ಷೆಗೆ ಬೇಕಾದಷ್ಟು ಸಿ ಜೀವಸತ್ವ ತೆಗೆದದ್ದು ಅವರ ಊರಿನ ಪ್ಯಾಪ್ರಿಕಾ ಮೆಣಸಿನಕಾಯಿಯಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಹಣ್ಣುಮೆಣಸಿನಕಾಯಿಯ ತೊಕ್ಕಿಗೆ ಹಸಿಯದ್ದರಲ್ಲಿ ಇಲ್ಲದ ಒಂದು ದುಂಡು ರುಚಿ ಬರುವುದು ಆ ಸಿಹಿಯಿಂದ. ಅಕ್ಕಿ ರೊಟ್ಟಿ ಜೊತೆ ಒಮ್ಮೆ ತಿಂದರೆ ಇಷ್ಟು ದಿನ ಕಾದದ್ದು ಯಾಕೆ ಅಂತ ಮನೆಯವರಿಗೆಲ್ಲ ಗೊತ್ತಾಗುತ್ತದೆ.

ಈಗ ಎಚ್ಚರ ವಹಿಸಬೇಕಾದ ಮಾತು. ಕಾಯಿ ಗಿಡದಲ್ಲಿ ಹೆಚ್ಚು ದಿನ ಇದ್ದಷ್ಟೂ ಅಪಾಯ ಹೆಚ್ಚು. ಎಲ್ಲಕ್ಕಿಂತ ಕೆಟ್ಟದ್ದು ಹಣ್ಣು ಕೊಳೆ. ಚಿಬ್ಬು ರೋಗ ಅಂತಲೂ ಕರೆಯುತ್ತಾರೆ. ಕೊಲೆಟೋಟ್ರೈಕಂ ಎಂಬ ಶಿಲೀಂಧ್ರದಿಂದ ಬರುತ್ತದೆ. ಹಸಿರು ಕಾಯಿಯಲ್ಲಿ ಸದ್ದಿಲ್ಲದೆ ಕೂತಿದ್ದು, ಕಾಯಿ ಕೆಂಪಾಗುವ ಹೊತ್ತಿಗೆ ಸರಿಯಾಗಿ ಹೊರಬೀಳುತ್ತದೆ. ಕೆಂಪು ಸಿಪ್ಪೆಯ ಮೇಲೆ ದುಂಡನೆಯ ತಗ್ಗು ಮಚ್ಚೆ, ಅದರೊಳಗೆ ಬಳೆ ಬಳೆಯಾಗಿ ಕಪ್ಪು ಚುಕ್ಕೆ. ನೋಡಿದ ತಕ್ಷಣ ಗೊತ್ತಾಗುತ್ತದೆ. ಒದ್ದೆ ಹವೆ ಅದಕ್ಕೆ ಬಲು ಇಷ್ಟ. ಚಳಿಗಾಲದಲ್ಲಿ ಮಂಜಿನ ಹನಿ ಬಹಳ ಹೊತ್ತು ನಿಂತರೂ ಸಾಕು. ಅಂಥ ಕಾಯಿ ಕಂಡರೆ ಅಂದೇ ಕಿತ್ತು ಸುಟ್ಟುಬಿಡಿ, ಕಾಂಪೋಸ್ಟ್‌ಗೆ ಹಾಕಬೇಡಿ. ನೀರು ಬುಡಕ್ಕೆ ಮಾತ್ರ ಕೊಡಿ, ಎಲೆ ಕಾಯಿ ನೆನೆಸಬೇಡಿ. ಬ್ಯಾಗುಗಳ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿ. ಎಲೆ ಮುದುಡಿದ್ದರೆ ನೋಡಿ: ಮೇಲಕ್ಕೆ ದೋಣಿಯ ಹಾಗೆ ಮುದುಡಿದ್ದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಮುದುಡಿದ್ದರೆ ಮೈಟ್ ನುಸಿ. ಶುರುವಿನಲ್ಲೇ ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸೋಪು ಸೇರಿಸಿ ಎಲೆಯ ಅಡಿಗೆ ಸಿಂಪಡಿಸಿ. ಕೈಮೀರಿದಂತೆ ಅನ್ನಿಸಿದರೆ ಎಲೆ, ಕಾಯಿಯ ಮಾದರಿ ತೆಗೆದುಕೊಂಡು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಹಾಸನದವರಿಗೆ ಕಂದಲಿಯಲ್ಲಿದೆ.

ಇನ್ನೊಬ್ಬರು ನಿಮ್ಮಷ್ಟೇ ಆಸೆಯಿಂದ ಕಾಯುತ್ತಿರುತ್ತಾರೆ, ಪಿಕಳಾರ ಹಕ್ಕಿ. ಕಾಯಿ ಹಸಿರಿದ್ದಷ್ಟು ದಿನ ತಿರುಗಿಯೂ ನೋಡುವುದಿಲ್ಲ, ಕೆಂಪಾದ ಬೆಳಿಗ್ಗೆ ಬಂದು ಕೂರುತ್ತದೆ. ಅದಕ್ಕೆ ಖಾರ ಹತ್ತುವುದೇ ಇಲ್ಲ. ನಮ್ಮ ಮೈಯಲ್ಲಿ ಖಾರವನ್ನು ಉರಿ ಅಂತ ಗುರುತಿಸುವ ಗ್ರಾಹಕವನ್ನು (ರಿಸೆಪ್ಟರ್) ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಲ್ಲೂ ಅಂಥದ್ದೇ ಗ್ರಾಹಕ ಇದೆ, ಆದರೆ ಮೆಣಸಿನ ಖಾರ ಅದಕ್ಕೆ ನಾಟುವುದಿಲ್ಲ. ಇಲಿ, ಅಳಿಲು ಬೀಜವನ್ನು ಹಲ್ಲಿನಲ್ಲಿ ಅರೆದುಬಿಡುತ್ತವೆ. ಹಕ್ಕಿ ಇಡಿಯಾಗಿ ನುಂಗಿ ದೂರ ಒಯ್ದು ಹಾಕುತ್ತದೆ. ನಿಮ್ಮ ಕಡೆಯ ಕಾಫಿ ತೋಟಗಳಲ್ಲಿ ಯಾರೂ ನೆಡದ ಸೂಜಿಮೆಣಸಿನ ಗಿಡ ಮರದ ಬುಡದಲ್ಲಿ ಎದ್ದಿರುವುದು ಹೀಗೇ. ಹಕ್ಕಿಯನ್ನು ದೂಷಿಸುವಂತಿಲ್ಲ. ಹಳೆ ಸೊಳ್ಳೆಪರದೆಯ ತುಂಡನ್ನು ಗಿಡಕ್ಕೆ ಸಡಿಲವಾಗಿ ಹೊದಿಸಿ. ಪ್ಲಾಸ್ಟಿಕ್ ಕವರ್ ಮಾತ್ರ ಕಟ್ಟಬೇಡಿ, ಒಳಗೆ ಬೆವೆತು ಕೊಳೆ ಬರುತ್ತದೆ.

ಕೀಳುವ ಹೊತ್ತು. ನಿಮ್ಮೂರಿನ ಕಾಫಿ ತೋಟದಲ್ಲಿ ಈಗ ಫ್ಲೈ ಪಿಕಿಂಗ್ ಮಾಡುವವರು ಗೊಂಚಲಿನಲ್ಲಿ ಹಣ್ಣಾದದ್ದನ್ನಷ್ಟೇ ಆರಿಸಿ ಹಸಿರನ್ನು ಮುಂದಿನ ಸುತ್ತಿಗೆ ಬಿಡುತ್ತಾರಲ್ಲ, ಮೆಣಸಿನಕಾಯಿಗೂ ಅದೇ ಕ್ರಮ. ವಾರಕ್ಕೊಮ್ಮೆ, ಇಬ್ಬನಿ ಆರಿದ ಮೇಲೆ. ಎಳೆದರೆ ರೆಂಬೆ ಸಿಗಿಯುತ್ತದೆ, ಕತ್ತರಿಯಿಂದ ತೊಟ್ಟು ಸಮೇತ ಕತ್ತರಿಸಿ. ತೊಟ್ಟು ಕಳಚಿದ ಕಾಯಿಗೆ ಬೂಷ್ಟು ಬೇಗ ಬರುತ್ತದೆ. ತೊಕ್ಕಿಗೆ, ಉಪ್ಪಿನಕಾಯಿಗೆ ಕಾಯಿ ಪೂರ್ತಿ ಕೆಂಪಾಗಿ ಬಿಗಿಯಾಗಿರುವಾಗಲೇ ಕೀಳಿ. ಒಣಗಿಸುವುದಾದರೆ ಇನ್ನೂ ಕೆಲವು ದಿನ ಬಿಡಿ. ಸಿಪ್ಪೆ ಕಡುಗೆಂಪಾಗಿ ಸ್ವಲ್ಪ ಸುಕ್ಕು ಕಾಣಬೇಕು. ಬ್ಯಾಡಗಿಯ ಕಡೆ ರೈತರೂ ಹೀಗೆ ಗಿಡದಲ್ಲೇ ಅರ್ಧ ಬಾಡಿಸಿ ಕೀಳುತ್ತಾರೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಬಣ್ಣ, ಆ ಸುಕ್ಕು ಹಾವೇರಿ ಕಡೆಯ ಮಣ್ಣು, ಒಣ ಹವೆಯದ್ದು. ಚಿಕ್ಕಮಗಳೂರಿನಲ್ಲಿ ಅಷ್ಟು ಸುಕ್ಕು ಬರದಿದ್ದರೆ ಬೇಸರಪಡಬೇಡಿ, ಸಾರಿನ ಪುಡಿಗೆ ಒಳ್ಳೆಯ ಬಣ್ಣವಂತೂ ಬರುತ್ತದೆ.

ಒಣಗಿಸುವಾಗ ಸಿಮೆಂಟ್ ನೆಲದ ಮೇಲೆ ನೇರವಾಗಿ ಹರಡಬೇಡಿ, ಬಟ್ಟೆಯೋ ಚಾಪೆಯೋ ಹಾಸಿ. ನಾಲ್ಕು ಗಂಟೆಗೆ ಒಳಗೆ ತಂದುಬಿಡಿ. ನಿಮ್ಮಲ್ಲಿ ಸಂಜೆಯಿಂದಲೇ ಇಬ್ಬನಿ ಇಳಿಯುತ್ತದೆ, ಹಗಲು ಒಣಗಿದ್ದು ರಾತ್ರಿ ಮತ್ತೆ ನೆನೆಯುತ್ತದೆ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಮುರಿದರೆ ಪಟ್ಟನೆ ಮುರಿಯಬೇಕು. ಒಳಗೆ ಬೂದು ಬೂಷ್ಟು ಕಂಡ ಕಾಯಿಯನ್ನು ಒರೆಸಿ ಬಳಸುವುದು ಬೇಡ, ಎಸೆಯಿರಿ. ಅಂಥದ್ದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಕುದಿಸಿದರೂ ಅದು ಹೋಗುವುದಿಲ್ಲ.

ಸೂಜಿಮೆಣಸಿನ ಲೆಕ್ಕವೇ ಬೇರೆ. ಅದು ಬೇರೆಯದೇ ಪ್ರಭೇದ. ಸಸಿ ನೆಟ್ಟು ಮೊದಲ ಕೆಂಪು ಕಾಣಲು ನಾಲ್ಕೈದು ತಿಂಗಳು ಬೇಕು. ಕಾಯಿ ಚಿಕ್ಕದು ಅಂತ ಬೇಗ ಹಣ್ಣಾಗುವುದಿಲ್ಲ. ಆಕಾಶಕ್ಕೆ ಮುಖ ಮಾಡಿ ನಿಂತ ಆ ಪುಟ್ಟ ಕಾಯಿ ಮೊದಲು ಕಿತ್ತಳೆಗೆ ತಿರುಗಿ ಆಮೇಲೆ ಕೆಂಪಾಗುತ್ತದೆ. ಆದರೆ ಒಮ್ಮೆ ಶುರುವಾದರೆ ಗಿಡ ಎರಡು ಮೂರು ವರ್ಷ ಕೊಡುತ್ತದೆ. ಅದಕ್ಕೆ ದೊಡ್ಡ ಬ್ಯಾಗ್ ಕೊಡಿ.

ಕೊನೆಯದು ಬೀಜ. ಇಟ್ಟುಕೊಳ್ಳಬಹುದು, ಎರಡು ಷರತ್ತಿನ ಮೇಲೆ. ಬೀಜದ ಪ್ಯಾಕೆಟ್ ಮೇಲೆ ಎಫ್1 ಅಂತ ಇದ್ದರೆ ಅದು ಹೈಬ್ರಿಡ್, ಮುಂದಿನ ತಲೆಮಾರು ತಾಯಿಗಿಡದಂತೆ ಬರುವುದಿಲ್ಲ. ಮತ್ತೆ ನಿಮ್ಮ ಮೂರು ಜಾತಿಯೂ ಒಂದೇ ಟೆರೇಸಿನಲ್ಲಿವೆ. ಜೇನುನೊಣ ಪರಾಗ ಅತ್ತಿತ್ತ ಮಾಡುತ್ತದೆ. ಈ ಸಲದ ಕಾಯಿಯ ರುಚಿ ಇದರಿಂದ ಬದಲಾಗುವುದಿಲ್ಲ, ಅದರ ಬೀಜದಿಂದ ಎದ್ದ ಗಿಡದಲ್ಲಿ ಬದಲಾಗಬಹುದು. ಶುದ್ಧ ಬ್ಯಾಡಗಿ ಬೇಕೆಂದರೆ ಒಂದು ರೆಂಬೆಯ ಮೊಗ್ಗುಗಳಿಗೆ ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ ದಾರ ಕಟ್ಟಿ ಗುರುತು ಇಡಿ. ಆ ಕಾಯಿಯನ್ನು ಗಿಡದಲ್ಲೇ ಪೂರ್ತಿ ಹಣ್ಣಾಗಲು ಬಿಡಿ. ಹಸಿರು ಕಾಯಿಯ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಚಿಬ್ಬು ರೋಗ ಬೀಜದ ಮೂಲಕವೂ ಹರಡುತ್ತದೆ, ಒಂದು ಚುಕ್ಕೆಯೂ ಇಲ್ಲದ ಹಣ್ಣನ್ನೇ ಆರಿಸಿ. ಬೀಜವನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ತಾರೀಖು ಬರೆದಿಡಿ.

ಮುಂದಿನ ಸಲ ಬಿತ್ತನೆಯ ಕಾಲವನ್ನೂ ಬದಲಿಸಿ ನೋಡಿ. ಜನವರಿ ಶುರುವಿನಲ್ಲೇ ಬೀಜ ಹಾಕಿ. ಮೊಳೆಯಲು 20ರಿಂದ 30 ಡಿಗ್ರಿ ಬೇಕು, ಆದ್ದರಿಂದ ಟ್ರೇಯನ್ನು ಟೆರೇಸ್‌ನಲ್ಲಿ ಇಡದೆ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಮೊಳಕೆ ಎದ್ದ ದಿನವೇ ಬೆಳಕಿಗೆ ತನ್ನಿ. ಫೆಬ್ರವರಿ ಕೊನೆಗೆ ಬ್ಯಾಗಿಗೆ ನೆಟ್ಟರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಹೂ. ಬಯಲುಸೀಮೆಯ ಕಡುಬೇಸಿಗೆಯಲ್ಲಿ ಹೂ ಉದುರುವಷ್ಟು ನಿಮ್ಮಲ್ಲಿ ಉದುರುವುದಿಲ್ಲ, ಎತ್ತರದ ತಂಪು ಕಾಪಾಡುತ್ತದೆ. ಬೇಸಿಗೆಯ ಬಿಸಿಲಿಗೆ ಕಾಯಿ ಬೇಗ ಬಲಿತು ಮೇ ಕೊನೆಯ ವಾರಕ್ಕೆ ಮೊದಲ ಕೆಂಪು ಸಿಗಬೇಕು, ಮುಂಗಾರು ಹಿಡಿಯುವ ಮೊದಲು. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಗಿಡದಲ್ಲಿ ಬಲಿತ ಕಾಯಿ ಉಳಿದಿದ್ದರೆ ಅವನ್ನು ಕೆಂಪಿಗೆ ಕಾಯಬೇಡಿ. ಬಿಸಿಲಿಲ್ಲದ ಆ ದಿನಗಳಲ್ಲಿ ಹಣ್ಣಾಗುವುದಕ್ಕಿಂತ ಕೊಳೆಯುವುದೇ ಜಾಸ್ತಿ. ಹಸಿರಲ್ಲೇ ಕಿತ್ತು ಬಳಸಿಕೊಳ್ಳಿ.